ಟ್ರಂಕ್ಸ್ ಬಂದಿದ್ದು 13ನೇ ಯೂನಿವರ್ಸ್‌ನಿಂದಾ? ಡ್ರ್ಯಾಗನ್ ಬಾಲ್ ಲೋಕಗಳ ಲೆಕ್ಕ ಯಾರಾದರೂ ಬಿಡಿಸಿ ಹೇಳಿ

ಮುಲುಂಡ್ ಮಾಮ:

ಎಲ್ಲರಿಗೂ ನಮಸ್ಕಾರ. ಜಪಾನಿನ ಕಾರ್ಟೂನ್ ಸರಣಿ ಡ್ರ್ಯಾಗನ್ ಬಾಲ್ ಸೂಪರ್ ಕೊನೆತನಕ ನೋಡಿದವರು ನನಗೊಂದು ಗಂಟು ಬಿಡಿಸಿಕೊಡಬೇಕು. ಇನ್ನೂ ನೋಡದವರು ಇಲ್ಲಿಂದ ಮುಂದೆ ಓದಬೇಡಿ, ಕಥೆ ಪೂರ್ತಿ ಬಯಲಾಗುತ್ತದೆ.

ನನ್ನ ಅಕ್ಕನ ಮಗನಿಗೆ ಒಂಬತ್ತು ವರ್ಷ. ಅವರು ಇರುವುದು ಡೊಂಬಿವಿಲಿಯಲ್ಲಿ, ನಾವು ಮುಲುಂಡ್‌ನಲ್ಲಿ. ಕಳೆದ ಶನಿವಾರ ನಮ್ಮ ಮನೆಗೆ ಬಂದಿದ್ದ, ಹೊರಗೆ ಧಾರಾಕಾರ ಮಳೆ, ಆಟಕ್ಕೆ ಇಳಿಯುವ ಹಾಗಿಲ್ಲ. ಹಳೇ ಕ್ಯಾಲೆಂಡರ್ ಹಾಳೆ ಮಗುಚಿ ನೆಲದ ಮೇಲೆ ಹಾಸಿಕೊಂಡ. ಅಡುಗೆಮನೆಯಿಂದ ಸ್ಟೀಲ್ ಲೋಟ ತಂದು, ಬೋರಲು ಹಾಕಿ, ಅದರ ಬಾಯಿಗೆ ಸರಿಯಾಗಿ ಪೆನ್ಸಿಲ್ ಸುತ್ತಿಸಿ ಹನ್ನೆರಡು ವೃತ್ತ ಬರೆದ. ಒಂದೊಂದಕ್ಕೂ ನಂಬರ್. ಏಳರ ಒಳಗೆ ಕಥಾನಾಯಕ ಗೊಕು, ನಾಶದ ದೇವರು ಬೀರಸ್. ಆರರ ಒಳಗೆ ಅಲ್ಲಿಯ ನಾಶದ ದೇವರು ಚಂಪಾ. ಹನ್ನೊಂದರಲ್ಲಿ ಗೊಕುವಿನ ಎದುರಾಳಿ ಜಿರೆನ್. ಹೆಸರೆಲ್ಲ ಕನ್ನಡದಲ್ಲೇ ಬರೆದಿದ್ದಾನೆ, ಅಜ್ಜಿ ಕಲಿಸಿದ್ದು. ಶಾಲೆಯಲ್ಲಿ ಅವನಿಗೆ ಕನ್ನಡ ಇಲ್ಲ, ಹಾಗಾಗಿ ಆ ಅಕ್ಷರ ನೋಡಿ ನನಗೆ ತುಂಬಾ ಖುಷಿಯಾಯಿತು.

ಆಮೇಲೆ ಹಾಳೆಯ ಮೂಲೆಯಲ್ಲಿ ಇನ್ನೊಂದು ವೃತ್ತ ಬರೆದು ಒಳಗೆ ಟ್ರಂಕ್ಸ್ ಅಂತ ಹಾಕಿದ, ಭವಿಷ್ಯದಿಂದ ಬರುವ ಯೋಧ. "ಮಾಮ, ದೊಡ್ಡ ಟ್ರಂಕ್ಸ್ ಬಂದಿದ್ದು 13ನೇ ಯೂನಿವರ್ಸ್‌ನಿಂದ ತಾನೇ? ಅವನ ಭೂಮಿ ಬೇರೆ, ನಮ್ಮ ಭೂಮಿ ಬೇರೆ ಅಲ್ವಾ?" ಅಂದ.

ನಾನು ಇಲ್ಲ ಅಂದೆ. ಯಾಕೆ ಇಲ್ಲ ಅಂದಾಗ ಸರಿಯಾಗಿ ಹೇಳಲು ಬರಲಿಲ್ಲ. ನಾನು ಶಾಲೆಗೆ ಹೋಗುವ ಕಾಲದಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಸೂಪರ್‌ಗಿಂತ ಮುಂಚಿನ ಡ್ರ್ಯಾಗನ್ ಬಾಲ್ ಝಡ್ ನೋಡಿ ಬೆಳೆದವನು. ಆಗ ಈ ಹನ್ನೆರಡು ಯೂನಿವರ್ಸ್ ಮಾತೇ ಇರಲಿಲ್ಲ. ಟ್ರಂಕ್ಸ್ ಭವಿಷ್ಯದಿಂದ ಬಂದ, ಗೊಕುಗೆ ಹೃದಯದ ಕಾಯಿಲೆಗೆ ಔಷಧಿ ಕೊಟ್ಟ, ಹೋದ. ಅಷ್ಟೇ ಗೊತ್ತಿದ್ದದ್ದು. ಸೂಪರ್‌ನಲ್ಲಿ ಯೂನಿವರ್ಸ್ ಬಂತು, ಟೈಮ್‌ಲೈನ್ ಬಂತು, ಕಾಲದಲ್ಲಿ ಓಡಾಡುವ ಉಂಗುರ ಟೈಮ್ ರಿಂಗ್ ಬಂತು, ಎರಡು ಜೆನೊ (ಎಲ್ಲಕ್ಕೂ ಒಡೆಯನಾದ ದೇವರು) ಬಂದರು. ಯಾವುದು ಯಾವುದರ ಒಳಗಿದೆ, ಯಾವುದು ಯಾವುದರ ಪಕ್ಕದಲ್ಲಿದೆ ಅನ್ನುವುದು ನನ್ನ ತಲೆಯಲ್ಲಿ ಕಲಸಿಹೋಗಿದೆ. ಹುಡುಗ ಮುಂದಿನ ವಾರ ಮತ್ತೆ ಬರುತ್ತಾನೆ, ಹಾಳೆ ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾನೆ. ಸರಿಯಾದ ಉತ್ತರ ಕೊಡಬೇಕು ನಾನು.

ಕಲ್ಯಾಣ್ ಲೋಕಲ್:

ಮಾಮ, ನಿಮ್ಮ ಅಳಿಯ ಕೇಳಿದ್ದು ಒಳ್ಳೇ ಪ್ರಶ್ನೆ. ಎಷ್ಟೋ ವರ್ಷದಿಂದ ನೋಡುವವರೂ ಇಲ್ಲೇ ಎಡವುತ್ತಾರೆ. ಯೂನಿವರ್ಸ್ ಬೇರೆ, ಟೈಮ್‌ಲೈನ್ ಬೇರೆ. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಏನೂ ಅರ್ಥ ಆಗುವುದಿಲ್ಲ.

ನಮ್ಮ ಲೋಕಲ್ ಟ್ರೇನನ್ನೇ ತಗೊಳ್ಳಿ. ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಇವೆ. ಮೂರೂ ಈಗ, ಈ ಹೊತ್ತಿಗೇ ಓಡುತ್ತಿವೆ. ದಾದರ್‌ನಲ್ಲಿ ಇಳಿದು ಸೇತುವೆ ದಾಟಿದರೆ ಸೆಂಟ್ರಲ್‌ನಿಂದ ವೆಸ್ಟರ್ನ್‌ಗೆ ಹೋಗಬಹುದು, ಅದಕ್ಕೆ ನಿನ್ನೆಗೋ ನಾಳೆಗೋ ಹೋಗಬೇಕಾಗಿಲ್ಲ. ಹನ್ನೆರಡು ಯೂನಿವರ್ಸ್ ಅಂದರೆ ಹೀಗೆ. ಅಕ್ಕಪಕ್ಕ ಇವೆ, ಒಂದೇ ಕಾಲದಲ್ಲಿ ಇವೆ. ಬೀರಸ್‌ನ ಸಂಗಾತಿ ದೇವದೂತ ವಿಸ್ ಜೊತೆಗಿದ್ದರೆ ಏಳರಿಂದ ಆರಕ್ಕೆ ಹೋಗಿ ಬರಬಹುದು, ಚಂಪಾ ಏರ್ಪಡಿಸಿದ ಪಂದ್ಯದಲ್ಲಿ ಎರಡೂ ಕಡೆಯವರು ಮಧ್ಯದ ಒಂದು ಗ್ರಹದಲ್ಲಿ ಸೇರಿದ್ದರು.

ಟೈಮ್‌ಲೈನ್ ಹಾಗಲ್ಲ. ಅದು ಕಲ್ಯಾಣ್. ಅಲ್ಲಿಯವರೆಗೆ ಒಂದೇ ದಾರಿ, ಆಮೇಲೆ ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ಕಡೆಗೆ. ಕವಲು ಒಡೆದ ಮೇಲೆ ಕರ್ಜತ್ ಕಡೆ ಏನೇ ಆದರೂ ಕಸಾರಾ ಗಾಡಿಗೆ ಗೊತ್ತಾಗುವುದಿಲ್ಲ. ಟ್ರಂಕ್ಸ್ ಕಥೆಯ ಲೆಕ್ಕದ 784ನೇ ಇಸವಿಯಿಂದ ಇಪ್ಪತ್ತು ವರ್ಷ ಹಿಂದಕ್ಕೆ, 764ಕ್ಕೆ ಬಂದ. ಅವನು ಬಂದ ಕ್ಷಣದಲ್ಲೇ ಕವಲು ಒಡೆಯಿತು. ಗೊಕು ಔಷಧಿ ಕುಡಿದು ಬದುಕಿದ್ದು ಈ ಕವಲಿನಲ್ಲಿ. ಟ್ರಂಕ್ಸ್ ತನ್ನ ಮನೆಗೆ ವಾಪಸ್ ಹೋದಾಗ ಅಲ್ಲಿ ಗೊಕು ಎದ್ದು ಬಂದಿರಲಿಲ್ಲ. ಸತ್ತವನು ಸತ್ತೇ ಇದ್ದ. ಚಿಕ್ಕಂದಿನಲ್ಲಿ ಇದನ್ನು ನೋಡಿದಾಗ ನನಗೆ ತುಂಬಾ ಸಂಕಟ ಆಗಿತ್ತು. ಆ ಹುಡುಗ ಅಷ್ಟು ಕಷ್ಟಪಟ್ಟು ಬೇರೆಯವರ ಮನೆ ಉಳಿಸಿದ, ತನ್ನ ಮನೆಯಲ್ಲಿ ಹೋದವರು ಯಾರೂ ವಾಪಸ್ ಬರಲಿಲ್ಲ. ಆದರೂ ಹೋಗಿ ತನ್ನ ಲೋಕ ಹಾಳುಮಾಡಿದ ಆಂಡ್ರಾಯ್ಡ್‌ಗಳನ್ನು, ಅಂದರೆ ಕೃತಕ ಯೋಧರನ್ನು, ಮುಗಿಸಿದನಲ್ಲ, ಅದಕ್ಕೇ ಟ್ರಂಕ್ಸ್ ಅಂದರೆ ನನಗೆ ಇವತ್ತಿಗೂ ಗೊಕುಗಿಂತ ಹೆಚ್ಚು ಪ್ರೀತಿ.

ಈಗ 13ನೇ ಯೂನಿವರ್ಸ್ ಯಾಕಲ್ಲ ಅನ್ನುವುದಕ್ಕೆ ಎರಡು ಗಟ್ಟಿ ಸಾಕ್ಷಿ ಕೊಡುತ್ತೇನೆ. ಹುಡುಗನಿಗೆ ಇವನ್ನೇ ಹೇಳಿ.

ಮೊದಲನೆಯದು ಜಮಾಸು ಎಂಬ ಖಳ. ಅವನು 10ನೇ ಯೂನಿವರ್ಸ್‌ನ ಸೃಷ್ಟಿಯ ದೇವರು ಗೊವಾಸು ಹತ್ತಿರ ಕಲಿಯುತ್ತಿದ್ದವನು. ಗೊಕುವಿನ ದೇಹ ಕದ್ದು ಗೊಕು ಬ್ಲ್ಯಾಕ್ ಆದ, ಟೈಮ್ ರಿಂಗ್ ಹಾಕಿಕೊಂಡು ಟ್ರಂಕ್ಸ್ ಇದ್ದ ಭವಿಷ್ಯಕ್ಕೆ ಹೋದ. ಅಲ್ಲಿ ಯಾರನ್ನು ಜೊತೆ ಮಾಡಿಕೊಂಡ ಹೇಳಿ? ಆ ಟೈಮ್‌ಲೈನ್‌ನ ಜಮಾಸುವನ್ನೇ. ಅಂದರೆ ಟ್ರಂಕ್ಸ್ ಕಡೆಯಲ್ಲೂ ಒಂದು 10ನೇ ಯೂನಿವರ್ಸ್ ಇದೆ, ಅಲ್ಲೂ ಒಬ್ಬ ಜಮಾಸು ಇದ್ದಾನೆ. ಟ್ರಂಕ್ಸ್‌ನದು ಬರೀ ಒಂದು ಹೆಚ್ಚಿನ ಯೂನಿವರ್ಸ್ ಆಗಿದ್ದರೆ ಅದರ ಹೊಟ್ಟೆಯಲ್ಲಿ ಹತ್ತನೆಯದು ಎಲ್ಲಿಂದ ಬರುತ್ತದೆ?

ಎರಡನೆಯದು ಜೆನೊ. ಹನ್ನೆರಡೂ ಯೂನಿವರ್ಸ್‌ಗೆ ಸೇರಿ ಒಬ್ಬನೇ ಜೆನೊ. ಇದು ಪಕ್ಕಾ. ಕೊನೆಗೆ ಜಮಾಸುವಿನ ಕಾಟ ತಡೆಯಲಾಗದೆ ಗೊಕು ಭವಿಷ್ಯದಲ್ಲಿ ನಿಂತು, ಜೆನೊ ಕೊಟ್ಟಿದ್ದ ಬಟನ್ ಒತ್ತುತ್ತಾನಲ್ಲ, ಆ ದೃಶ್ಯ ಇನ್ನೊಮ್ಮೆ ನೋಡಿ. ಜೆನೊ ಬರುತ್ತಾನೆ. ಆದರೆ ಅವನಿಗೆ ಗೊಕು ಗುರುತೇ ಸಿಗುವುದಿಲ್ಲ! ಅಷ್ಟು ಸಲಿಗೆಯಿಂದ ಮಾತಾಡಿದ್ದವನು, ಇಲ್ಲಿ ಯಾರೋ ಎಂಬಂತೆ ನೋಡುತ್ತಾನೆ. ಯಾಕೆಂದರೆ ಅವನು ಬೇರೆ ಜೆನೊ. ಇಡೀ ಹನ್ನೆರಡಕ್ಕೆ ಒಬ್ಬ ಎಂದಾದರೆ, ಎರಡು ಜೆನೊ ಅಂದರೆ ಎರಡು ಹನ್ನೆರಡು. ಈ ಲೆಕ್ಕ ತಪ್ಪುವ ಹಾಗೇ ಇಲ್ಲ.

ಆದ್ದರಿಂದ ಮೂಲೆಯಲ್ಲಿ ಒಂದು ವೃತ್ತ ಸಾಲದು. ಅವನಿಗೆ ಇನ್ನೊಂದು ಹಾಳೆ ಕೊಡಿ, ಅದರಲ್ಲೂ ಹನ್ನೆರಡು ಬರೆಯಲಿ.

ಮುಲುಂಡ್ ಮಾಮ:

ಅಣ್ಣಾ, ತುಂಬಾ ಥ್ಯಾಂಕ್ಸ್. ಎರಡು ಜೆನೊ ಮಾತು ಓದಿ ಗಂಟು ಸಡಿಲಾಯಿತು. ಹಾಗಾದರೆ ಸೆಲ್ ಎಂಬ ಖಳ ಬಂದಿದ್ದು? ಅವನೂ ಟ್ರಂಕ್ಸ್‌ನ ಟೈಮ್ ಮೆಷಿನ್‌ನಲ್ಲೇ ಬಂದವನು. ಅವನಿಗೂ ಅದೇ ಎರಡನೇ ಹಾಳೆ ಸಾಕಾ?

ಕಲ್ಯಾಣ್ ಲೋಕಲ್:

ಸಾಲದು ಮಾಮ. ಸೆಲ್ ಬಂದ ಕಡೆ ಟ್ರಂಕ್ಸ್ ಆಗಲೇ ಆಂಡ್ರಾಯ್ಡ್‌ಗಳನ್ನು ಕೊಂದಿದ್ದ. ಆಮೇಲೆ ಸೆಲ್ ಆ ಟ್ರಂಕ್ಸ್‌ನನ್ನು ಕೊಂದು, ಮೆಷಿನ್‌ಗೆ ತನ್ನ ದೇಹ ಹಿಡಿಸದೆ ಮೊಟ್ಟೆಯ ರೂಪಕ್ಕೆ ಇಳಿದು, 788ರಿಂದ 763ಕ್ಕೆ ಬಂದ. ನಾವು ನೋಡುವ ಟ್ರಂಕ್ಸ್ ಬದುಕಿಯೇ ಇದ್ದಾನೆ, ಹಾಗಾಗಿ ಅದು ಮೂರನೇ ಹಾಳೆ. ಆ ಸತ್ತ ಟ್ರಂಕ್ಸ್ ಕೂಡ ಒಮ್ಮೆ ಹಿಂದಕ್ಕೆ ಹೋಗಿ ಆಂಡ್ರಾಯ್ಡ್ ಕೊಲ್ಲುವ ದಾರಿ ತಿಳಿದು ಬಂದವನು. ಅವನು ಹೋದ ಕಡೆಗೆ ಸೆಲ್ ಬಂದಿರಲೇ ಇಲ್ಲ. ಅದು ನಾಲ್ಕನೇ ಹಾಳೆ. ಝಡ್ ಮುಗಿಯುವ ಹೊತ್ತಿಗೇ ನಾಲ್ಕು ಟೈಮ್‌ಲೈನ್ ಇದ್ದವು, ನಾವು ಚಿಕ್ಕವರು, ಗಮನಿಸಿರಲಿಲ್ಲ.

ಪುಣೆಯ ಅಕ್ಕ:

ಇಬ್ಬರಿಗೂ ನಮಸ್ಕಾರ. ಟೈಮ್‌ಲೈನ್ ಬಗ್ಗೆ ಮೇಲೆ ಚೆನ್ನಾಗಿ ಹೇಳಿದ್ದಾರೆ. ನಾನು ಆ ಲೋಟದ ವೃತ್ತದ ಒಳಗೆ ಏನಿದೆ ಅಂತ ಹೇಳುತ್ತೇನೆ, ಏಕೆಂದರೆ ನನಗೆ ಇಷ್ಟವಾದ ಭಾಗ ಅದೇ. ಮಗುವಿಗೂ ಇಷ್ಟ ಆಗುತ್ತದೆ.

ಒಂದು ಯೂನಿವರ್ಸ್ ಅಂದರೆ ಒಂದು ದೊಡ್ಡ ಚೆಂಡು ಅಂದುಕೊಳ್ಳಿ. ಅಡ್ಡಕ್ಕೆ ಎರಡು ಹೋಳು. ಕೆಳಗಿನ ಹೋಳು ಬದುಕಿರುವವರದು. ನಕ್ಷತ್ರ, ಗ್ರಹ, ಭೂಮಿ, ನಾಮೆಕ್ ಎಲ್ಲಾ ಅಲ್ಲಿ. ಮೇಲಿನ ಹೋಳು ಸತ್ತವರದು. ಇವೆರಡರಿಂದ ದೂರ, ಚಂದ್ರನ ಹಾಗೆ ಹೊರಗೆ ಸುತ್ತುವುದು ಕೈಯೋಶಿನ್ ದೇವರ ಲೋಕ. ತಳದಲ್ಲಿ ರಾಕ್ಷಸ ಲೋಕ. 2024ರಲ್ಲಿ ಶುರುವಾದ ಡೈಮಾ ಸರಣಿಯಲ್ಲಿ ಗೊಕು ಮತ್ತೆ ಮಗುವಾಗಿ ಇಳಿದು ಹೋಗುವುದು ಈ ರಾಕ್ಷಸ ಲೋಕಕ್ಕೇ, ಅದರೊಳಗೂ ಮೂರು ಅಂತಸ್ತು ಇದೆ.

ಸತ್ತವರು ಮೇಲೆ ಹೋದರೆ ಮೊದಲು ಸಿಗುವುದು ಎನ್ಮಾ ಮಹಾರಾಜ. ದೊಡ್ಡ ಮೇಜು, ಮುಂದೆ ಲೆಕ್ಕದ ಪುಸ್ತಕ, ಸಾಲಿನಲ್ಲಿ ನಿಂತ ಆತ್ಮಗಳು. ಯಾರು ಅಂತ ಗೊತ್ತಾಯಿತಾ? ನಮ್ಮ ಯಮನೇ! ಯಮ ಬೌದ್ಧರ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನ್ ಸೇರಿ ಎನ್ಮಾ ಆದ. ಮಾಮ ಅವರೇ, ನಿಮ್ಮ ಅಳಿಯನಿಗೆ ಕನ್ನಡ ಕಲಿಸಿದ ಅಜ್ಜಿಗೆ ಇದನ್ನು ದಯವಿಟ್ಟು ಹೇಳಿ. ಅಲ್ಲಿಂದ ಹಾವಿನ ಬೆನ್ನಿನ ಮೇಲೆ ಹತ್ತು ಲಕ್ಷ ಕಿಲೋಮೀಟರ್ ಓಡಿದರೆ ಉತ್ತರ ದಿಕ್ಕಿನ ದೇವರು ಕೈಯೊ ಸಿಗುತ್ತಾನೆ. ಹತ್ತು ಲಕ್ಷ ಅಂದರೆ ಇಲ್ಲಿಂದ ಚಂದ್ರನಿಗಿರುವ ದೂರದ ಎರಡೂವರೆ ಪಟ್ಟಿಗಿಂತ ಜಾಸ್ತಿ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ನಾಲ್ಕು ದಿಕ್ಕಿಗೆ ನಾಲ್ಕು ಕೈಯೊ. ನಮ್ಮ ದಿಕ್ಪಾಲಕರ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಊರಲ್ಲಿ ದೇವಸ್ಥಾನದ ಒಳಛಾವಣಿ ತಲೆ ಎತ್ತಿ ನೋಡಿದರೆ ಸಾಕು.

ಇನ್ನು ಜೋಡಿ ವಿಷಯ. ಇದನ್ನು ಯಾರೂ ಹೇಳಲಿಲ್ಲ. ಹನ್ನೆರಡೂ ಸುಮ್ನೆ ಸಾಲಾಗಿ ನಿಂತಿಲ್ಲ, ಎರಡೆರಡು ಅವಳಿ. ಕೂಡಿದರೆ 13 ಬರಬೇಕು. 6 ಮತ್ತು 7. 1 ಮತ್ತು 12. 2 ಮತ್ತು 11. 3 ಮತ್ತು 10. 4 ಮತ್ತು 9. 5 ಮತ್ತು 8. ಅವಳಿ ಅಂದ ಮೇಲೆ ಹೋಲಿಕೆ ಇರುತ್ತದೆ. ಏಳರಲ್ಲಿ ಖಳ ಫ್ರೀಜಾ, ಆರರಲ್ಲಿ ಅವನನ್ನೇ ಹೋಲುವ ಫ್ರಾಸ್ಟ್. ಏಳರಲ್ಲಿ ಗೊಕುವಿನ ಕುಲದ ಸೈಯನ್ನರು ಹೆಚ್ಚುಕಮ್ಮಿ ನಿರ್ನಾಮ, ಆರರಲ್ಲಿ ಅವರು ಸದಾಲಾ ಗ್ರಹದಲ್ಲಿ ನೆಮ್ಮದಿಯಾಗಿ ಇದ್ದಾರೆ. ಏಳರ ಭೂಮಿ ಉಳಿಯಿತು, ಆರರ ಭೂಮಿಯ ಜನ ಯುದ್ಧ ಮಾಡಿಕೊಂಡು ನಾಶವಾದರು. ಈ ಕೊನೆಯದು ಒಂದೇ ಮಾತಿನಲ್ಲಿ ಬಂದು ಹೋಗುತ್ತದೆ, ಆದರೆ ನನಗೆ ಅದು ಇಡೀ ಸರಣಿಯ ಅತಿ ದುಃಖದ ಸಂಗತಿ. ಚಂಪಾ ನಮ್ಮ ಭೂಮಿಯ ಊಟಕ್ಕೆ ಆಸೆಪಟ್ಟು ಅದನ್ನೇ ತನ್ನ ಕಡೆಗೆ ಎಳೆದುಕೊಳ್ಳಲು ಪಂದ್ಯ ಇಟ್ಟ. ಅವನ ಕಡೆಯ ಭೂಮಿಯಲ್ಲಿ ಅಡುಗೆ ಮಾಡುವವರೇ ಉಳಿದಿರಲಿಲ್ಲ.

ನಾಶಮಾಡುವ ದೇವರು ಬೀರಸ್, ಸೃಷ್ಟಿಸುವ ದೇವರು ಕೈಯೋಶಿನ್. ಇಬ್ಬರ ಜೀವ ಒಂದಕ್ಕೊಂದು ಗಂಟು ಹಾಕಿದ ಹಾಗೆ. ಕೈಯೋಶಿನ್ ಸತ್ತರೆ ಬೀರಸ್ ಕೂಡ ಹೋಗುತ್ತಾನೆ. ಟ್ರಂಕ್ಸ್‌ನ ಭವಿಷ್ಯದಲ್ಲಿ ಕಾಪಾಡಲು ಬೀರಸ್ ಯಾಕೆ ಬರಲಿಲ್ಲ ಅನ್ನುವುದಕ್ಕೆ ಇದೇ ಉತ್ತರ. ಅಲ್ಲಿ ಮಂತ್ರವಾದಿ ಬಾಬಿಡಿ ವಿರುದ್ಧದ ಕಾಳಗದಲ್ಲಿ ಕೈಯೋಶಿನ್ ಸತ್ತಿದ್ದ. ಕಲ್ಯಾಣ್ ಅಣ್ಣ ಹೇಳಿದ್ದಕ್ಕೆ ಇದು ಮೂರನೇ ಸಾಕ್ಷಿ ಅಂತ ಇಟ್ಟುಕೊಳ್ಳಬಹುದು.

ವಾಸ್ಕೊ ವಾಸಿ:

ನಾನು ಗೋವಾದಿಂದ. ಎಲ್ಲ ಓದಿದೆ. ಒಂದು ತಕರಾರು ಇದೆ, ಕಲ್ಯಾಣ್ ಅವರು ಬೇಸರ ಮಾಡಿಕೊಳ್ಳಬಾರದು.

ಕಲ್ಯಾಣ್ ಕವಲಿನ ಹೋಲಿಕೆ ಅರ್ಧ ಮಾತ್ರ ಸರಿ. ಕಲ್ಯಾಣ್‌ನಲ್ಲಿ ಒಡೆಯುವುದು ಬರೀ ಸೆಂಟ್ರಲ್ ಲೈನ್. ವೆಸ್ಟರ್ನ್, ಹಾರ್ಬರ್ ಇದ್ದ ಹಾಗೇ ಇರುತ್ತವೆ. ಡ್ರ್ಯಾಗನ್ ಬಾಲ್‌ನಲ್ಲಿ ಹಾಗಾಗುವುದಿಲ್ಲ. ಟ್ರಂಕ್ಸ್ ಏಳರ ಭೂಮಿಗೆ ಬಂದು ಇಳಿದರೂ ಹತ್ತರ ಜಮಾಸು ಇಬ್ಬರಾದ, ಜೆನೊ ಇಬ್ಬರಾದ. ಅಂದರೆ ಕಲ್ಯಾಣ್‌ನಲ್ಲಿ ಒಬ್ಬ ಮನುಷ್ಯ ಇಳಿದದ್ದಕ್ಕೆ ಚರ್ಚ್‌ಗೇಟ್‌ನಿಂದ ಪನ್ವೇಲ್‌ವರೆಗೆ ಇಡೀ ಮುಂಬಯಿ ಎರಡಾದ ಹಾಗೆ. ಮಗುವಿಗೆ ಹೇಳುವಾಗ ಇದನ್ನು ಬಿಡಬೇಡಿ, ಇಲ್ಲದಿದ್ದರೆ ಏಳನೇ ವೃತ್ತ ಒಂದಕ್ಕೆ ಮಾತ್ರ ಬಾಲ ಬರೆದು ಸುಮ್ಮನಾಗುತ್ತಾನೆ.

ದೇವರುಗಳಿಗೆ ಕಾಲದಲ್ಲಿ ಓಡಾಡುವುದು ಯಾಕೆ ಮಹಾಪಾಪ ಅನ್ನುವುದೂ ಇದರಿಂದಲೇ ಅರ್ಥವಾಗುತ್ತದೆ. ಚರಿತ್ರೆ ಬದಲಾದಾಗಲೆಲ್ಲ ಹೊಸ ಟೈಮ್‌ಲೈನ್ ಹುಟ್ಟುತ್ತದೆ, ಅದರ ಗುರುತಾಗಿ ಒಂದು ಹಸಿರು ಟೈಮ್ ರಿಂಗ್ ಹುಟ್ಟುತ್ತದೆ. ಟ್ರಂಕ್ಸ್‌ನ ತಾಯಿ ಬಲ್ಮಾ ಮನೆಯಲ್ಲಿ ಕುಳಿತು ಒಂದು ಟೈಮ್ ಮೆಷಿನ್ ಮಾಡಿದ್ದಕ್ಕೆ ಹನ್ನೆರಡು ಯೂನಿವರ್ಸ್‌ನ ಎಲ್ಲ ಜೀವವೂ ಎರಡಾಯಿತು. ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು ವಿಷಯ, ಹನ್ನೆರಡು ಅನ್ನುವ ಸಂಖ್ಯೆಯೂ ಮೊದಲಿನಿಂದ ಇದ್ದದ್ದಲ್ಲ. ಹಿಂದೆ 18 ಇದ್ದವು. ಜೆನೊಗೆ ಒಮ್ಮೆ ಸಿಟ್ಟು ಬಂದು 6 ಅಳಿಸಿಹಾಕಿದ. ಆಮೇಲೆ ಸೋತ ಯೂನಿವರ್ಸನ್ನೇ ಅಳಿಸಿಹಾಕುವ ಶಕ್ತಿ ಪಂದ್ಯದಲ್ಲಿ ಎಂಟು ಯೂನಿವರ್ಸ್ ಇಳಿದವು, ತಲಾ ಹತ್ತು ಜನ, ಒಟ್ಟು 80. 1, 5, 8, 12 ಇವು ನಾಲ್ಕಕ್ಕೆ ವಿನಾಯಿತಿ, ಯಾಕೆಂದರೆ ಅಲ್ಲಿಯ ಜನರ ಮಟ್ಟ ಚೆನ್ನಾಗಿತ್ತು. ನಮ್ಮ ಗೊಕುವಿನ ಏಳನೆಯದು ಕೊನೆಯಿಂದ ಎರಡನೆಯದು. ಪಂದ್ಯದ ಅವಧಿ 48 ನಿಮಿಷ. ಗಮನಿಸಿ, ನಮ್ಮ ಪಂಚಾಂಗದ ಲೆಕ್ಕದಲ್ಲಿ 48 ನಿಮಿಷ ಅಂದರೆ ಸರಿಯಾಗಿ ಒಂದು ಮುಹೂರ್ತ, ಎರಡು ಘಳಿಗೆ. ಎರಡು ಘಳಿಗೆಯಲ್ಲಿ ಏಳು ಯೂನಿವರ್ಸ್ ಹೊಗೆಯ ಹಾಗೆ ಹೋದವು. ಮೊದಲು ಅಳಿಸಿದ್ದು ಒಂಬತ್ತನ್ನು. ಅವತ್ತು ನೋಡುತ್ತಿದ್ದಾಗ ನನಗೆ ಗಂಟಲು ಕಟ್ಟಿತ್ತು. ಕೆಟ್ಟವರೋ ಒಳ್ಳೆಯವರೋ, ಒಂದು ಲೋಕವೇ ಇಲ್ಲ ಅಂದರೆ ಹೇಗೆ? ಕೊನೆಗೆ ಉಳಿದವನು ಏಳರ ತಂಡದ ಆಂಡ್ರಾಯ್ಡ್ 17. ಅವನಿಗೆ ಏನು ಬೇಕಾದರೂ ಕೇಳುವ ಅವಕಾಶ ಇತ್ತು, ಅಳಿಸಿದ ಯೂನಿವರ್ಸ್‌ಗಳೆಲ್ಲ ವಾಪಸ್ ಬರಲಿ ಅಂದ. ಸ್ವಾರ್ಥದ ವರ ಕೇಳಿದ್ದರೆ ಎಲ್ಲವೂ ಹೋಗುತ್ತಿತ್ತು ಅಂತ ಜೆನೊ ಪಕ್ಕದಲ್ಲಿರುವ ಮಹಾಪುರೋಹಿತ ಆಮೇಲೆ ಹೇಳುತ್ತಾನೆ.

ಟ್ರಂಕ್ಸ್‌ನ ಹಾಳೆಗೆ ಮಾತ್ರ ಆ ಭಾಗ್ಯ ಇಲ್ಲ. ಅವನ ಭವಿಷ್ಯವನ್ನು ಅಲ್ಲಿಯ ಜೆನೊ ಅಳಿಸಿದ್ದು ಅಳಿಸಿದ ಹಾಗೇ ಇದೆ. ಟ್ರಂಕ್ಸ್ ಮತ್ತು ಅವನ ಗೆಳತಿ ಮಾಯ್ ಹೋಗಿ ನೆಲೆಸಿದ್ದು ಇನ್ನೊಂದು ಕವಲಿನಲ್ಲಿ, ವಿಸ್ ಹೋಗಿ ಬೀರಸ್‌ಗೆ ಮೊದಲೇ ಎಚ್ಚರಿಕೆ ಕೊಡುವ ಕವಲು ಅದು. ಅಲ್ಲಿ ಆಗಲೇ ಒಬ್ಬ ಟ್ರಂಕ್ಸ್, ಒಬ್ಬಳು ಮಾಯ್ ಇದ್ದಾರೆ. ಊರು ಅದೇ, ಬೀದಿ ಅದೇ, ಆದರೆ ತಮ್ಮ ಮನೆ ಅಲ್ಲ.

ಕಲ್ಯಾಣ್ ಲೋಕಲ್:

ಬೇಸರ ಯಾಕೆ, ನೀವು ಹೇಳಿದ್ದೇ ಸರಿ. ಇಡೀ ಮುಂಬಯಿ ಎರಡಾಗಬೇಕು. ಒಪ್ಪಿದೆ.

ಒಂದು ಸೇರಿಸುತ್ತೇನೆ, ಹುಡುಗ ಡ್ರ್ಯಾಗನ್ ಬಾಲ್ ಜಿಟಿ ಸರಣಿ ನೋಡಿದ್ದರೆ ಅದನ್ನು ಈ ಲೆಕ್ಕಕ್ಕೆ ತರಬೇಡಿ. ಜಿಟಿ 1996ರಲ್ಲಿ ಶುರುವಾದ 64 ಕಂತು, ಹನ್ನೆರಡು ಯೂನಿವರ್ಸ್ ಅನ್ನುವ ಯೋಚನೆ ಹುಟ್ಟುವ ಮುಂಚಿನದು. 1984ರಿಂದ 1995ರವರೆಗೆ ತೊರಿಯಾಮಾ ಬರೆದ ಮೂಲ ಮಾಂಗಾ (ಜಪಾನಿ ಚಿತ್ರಕಥೆ), ಅದರ ಮೇಲೆ ಬೀರಸ್ ಬಂದ 2013ರ ಸಿನಿಮಾ, ಆಮೇಲೆ 2015ರಿಂದ 2018ರವರೆಗಿನ ಸೂಪರ್‌ನ 131 ಕಂತು. ಈ ದಾರಿಯಲ್ಲಿ ಹೋದರೆ ಗೊಂದಲ ಇರುವುದಿಲ್ಲ.

ಮುಲುಂಡ್ ಮಾಮ:

ಎಲ್ಲರಿಗೂ ಕೈಮುಗಿದೆ. ಹುಡುಗ ಇವತ್ತು ಬಂದಿದ್ದ.

ಮೊದಲು ಇಬ್ಬರು ಜೆನೊ ಕಥೆ ಹೇಳಿದೆ. ಪೂರ್ತಿ ಹೇಳಲು ಬಿಡಲೇ ಇಲ್ಲ. "ಹಾಗಾದ್ರೆ ಅಲ್ಲೂ ಹನ್ನೆರಡು!" ಅಂತ ತಾನೇ ಎದ್ದು ಹೋಗಿ ಇನ್ನೊಂದು ಕ್ಯಾಲೆಂಡರ್ ಹಾಳೆ ಕಿತ್ತು ತಂದ. ಮೂಲೆಯ 13ನೇ ವೃತ್ತ ರಬ್ಬರ್‌ನಿಂದ ಒರೆಸಿದ, ಅಳಿಸಿದ ಕಲೆ ಇನ್ನೂ ಕಾಣುತ್ತದೆ. ಮತ್ತೆ ಲೋಟ ತಂದು ಹನ್ನೆರಡು ಬರೆದ. ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಅಂಟುಪಟ್ಟಿ ಹಚ್ಚಿ, ಎರಡೂ ಸೇರುವ ಜಾಗದಲ್ಲಿ 764 ಅಂತ ದೊಡ್ಡದಾಗಿ ಬರೆದಿದ್ದಾನೆ. ಆಮೇಲೆ ಅವಳಿಗಳಿಗೆ ಬಣ್ಣ ಹಾಕಿದ. ಆರು ಬಣ್ಣ, ಕೂಡಿದರೆ ಹದಿಮೂರು ಬರುವ ಹಾಗೆ.

ಎನ್ಮಾ ಅಂದರೆ ಯಮ ಅಂತ ಅಜ್ಜಿಗೆ ಹೇಳಿದೆವು. ಅಮ್ಮ ಕನ್ನಡಕ ಹಾಕಿಕೊಂಡು ಮೊಬೈಲ್‌ನಲ್ಲಿ ಚಿತ್ರ ನೋಡಿದರು, ಕೋಡು ನೋಡಿದರು, ಮೇಜು ನೋಡಿದರು. ಹತ್ತಿರ ಚಿತ್ರಗುಪ್ತ ಯಾಕಿಲ್ಲ ಅಂತ ಕೇಳಿದರು. ಈಗ ಏಳನೇ ವೃತ್ತದ ಮೇಲಿನ ಅರ್ಧದಲ್ಲಿ ಯಮನ ಪಕ್ಕ ಅಮ್ಮನ ಕೈಬರಹದಲ್ಲಿ ಚಿತ್ರಗುಪ್ತನ ಹೆಸರೂ ಇದೆ.

ಎರಡನೇ ಹಾಳೆಯಲ್ಲಿ ಬೀರಸ್ ಹೆಸರು ಬರೆಯಲು ಹೊರಟಿದ್ದ. ಪುಣೆಯ ಅಕ್ಕ ಹೇಳಿದ್ದನ್ನು ಹೇಳಿದೆ, ಕೈಯೋಶಿನ್ ಸತ್ತಿದ್ದಾನೆ, ಅದಕ್ಕೇ ಅಲ್ಲಿ ಬೀರಸ್ ಇಲ್ಲ ಅಂತ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೂರನೇ ಹಾಳೆ ಕೇಳಿದ. ವಿಸ್ ಎಚ್ಚರಿಕೆ ಕೊಡುವ ಕವಲು. ಅದರ ಏಳನೇ ವೃತ್ತದಲ್ಲಿ ಬೀರಸ್ ಬರೆದ, ಒಬ್ಬ ಟ್ರಂಕ್ಸ್ ಬರೆದ, ಮಾಯ್ ಬರೆದ. ಅವರ ಪಕ್ಕದಲ್ಲೇ ಜಾಗ ಮಾಡಿ ಇನ್ನೊಬ್ಬ ಟ್ರಂಕ್ಸ್, ಇನ್ನೊಬ್ಬಳು ಮಾಯ್ ಬರೆದು ನಾಲ್ಕೂ ಹೆಸರಿನ ಸುತ್ತ ಒಂದು ಮನೆ ಬರೆದಿದ್ದಾನೆ.

ಸೆಲ್‌ಗೆ ಬೇಕಾದ ಹಾಳೆಗಳು ಮುಂದಿನ ಶನಿವಾರಕ್ಕೆ. ಮನೆಯಲ್ಲಿ ಹಳೇ ಕ್ಯಾಲೆಂಡರ್ ಮುಗಿದಿದೆ, ಪಕ್ಕದ ಮನೆಯಲ್ಲಿ ಕೇಳಿಟ್ಟಿದ್ದೇನೆ.